ಪ್ರೊಸೆಸರಿಗೆ ನಾನು ಹಾಕಿದ ಮಾರ್ಕು

ನನಗೆ ಯಾವ ವಸ್ತುವನ್ನೂ ಸುಮ್ಮನೆ ಕೊಂಡುಕೊಳ್ಳೋಕೆ ಬರೋದಿಲ್ಲ. ಜನ ಅಂಗಡಿಗೆ ಹೋಗುತ್ತಾರೆ, ಕಣ್ಣಿಗೆ ಹಿಡಿಸಿದ್ದನ್ನು ತರುತ್ತಾರೆ, ಆಮೇಲೆ ಬೈದುಕೊಂಡು ಹತ್ತು ವರ್ಷ ಬಳಸುತ್ತಾರೆ. ನಾನು ಬೈಯುವುದನ್ನು ಮೊದಲೇ ಮುಗಿಸುತ್ತೇನೆ. ಡೆಟ್ರಾಯಿಟ್ ಕಡೆ ಕಾರಿನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಹದಿನೆಂಟು ವರ್ಷ ಎಂಜಿನಿಯರಾಗಿ ಕೂತವನಿಗೆ ಅಂಟಿದ ರೋಗ ಇದು. ನಮ್ಮಲ್ಲಿ ಒಂದು ಬೋಲ್ಟು ಬದಲಾಯಿಸಬೇಕಾದರೂ ಮ್ಯಾಟ್ರಿಕ್ಸ್ ಬೇಕು. ಎಡಗಡೆ ಗುಣಗಳ ಪಟ್ಟಿ, ಪ್ರತಿ ಗುಣಕ್ಕೂ ಇಂತಿಷ್ಟು ತೂಕ, ಪಕ್ಕದಲ್ಲಿ ಐದಕ್ಕೆ ಎಷ್ಟು ಅಂತ ಮಾರ್ಕು. ಗುಣಿಸಿ ಕೂಡಿದಾಗ ಯಾವುದಕ್ಕೆ ಹೆಚ್ಚು ಬಂತೋ ಅದು ಗೆದ್ದಿತು. ತೂಕವನ್ನೇನಾದರೂ ತಿದ್ದಿದರೆ ಕೆಳಗೆ ರಿವಿಷನ್ ಎ, ಬಿ, ಸಿ ಅಂತ ದಾಖಲಿಸಬೇಕು. ಅದು ಕಸುಬಿನ ಶಿಸ್ತು. ನಮ್ಮ ಮನೆಯಿರುವ ಕ್ಯಾಂಟನ್‌ನಿಂದ ಅಷ್ಟು ದೂರ, ಭಾರತೀಯ ಅಂಗಡಿಗಳ ಬೀದಿಯಾದ ಡೆವನ್ ಅವೆನ್ಯೂಗೆ ಡ್ರೈವ್ ಮಾಡಿಕೊಂಡು ಮಿಕ್ಸಿ ತರಲು ಹೋದಾಗಲೂ ನನ್ನ ಜೇಬಿನಲ್ಲಿ ಇಂಥದ್ದೊಂದು ಹಾಳೆ ಇತ್ತು. ಅಂಗಡಿಯವನು ನನ್ನನ್ನು ಯಾವುದೋ ಇನ್‌ಸ್ಪೆಕ್ಟರ್ ಅಂದುಕೊಂಡು ಚಹಾ ತರಿಸಿಕೊಟ್ಟ. "ನಿಮ್ಮ ಮನೇವ್ರು ನಮ್ಮ ಜಾತಕಕ್ಕೂ ಹೀಗೇ ಮಾರ್ಕು ಹಾಕ್ಸಿದ್ರಲ್ಲ" ಅನ್ನುತ್ತಾಳೆ ನನ್ನ ಹೆಂಡತಿ ಸುಮಾ. ಸಾಲಾವಳಿ ಚೆನ್ನಾಗೇ ಕೂಡಿಬಂದಿತ್ತು ಅಂತ ನಾನು ಜ್ಞಾಪಿಸಿದರೆ, "ಜೋಯಿಸರು ಗ್ರೇಸ್ ಮಾರ್ಕ್ಸ್ ಕೊಟ್ಟಿರ್ಬೇಕು" ಅನ್ನುತ್ತಾಳೆ.

ಮನೆಯ ಹಳೇ ಕಂಪ್ಯೂಟರ್ ಕೈಕೊಟ್ಟಿದ್ದು ರಿಸೆಷನ್ ವರ್ಷಗಳಲ್ಲಿ. ನಮ್ಮ ಬಡಾವಣೆಯಲ್ಲಿ ಮನೆಗಳ ಮುಂದೆ ಹೂವಿಗಿಂತ ಹೆಚ್ಚಾಗಿ 'ಫಾರ್ ಸೇಲ್' ಬೋರ್ಡುಗಳೇ ಅರಳಿದ್ದವು. ಮನೆಗೊಂದು ಅಡಿಗೆ ಹೊತ್ತು ತರುವ ಪಾಟ್‌ಲಕ್ಕಿಗೆ ಹೋದರೆ ಬಿಸಿಬೇಳೆಬಾತಿನ ಮುಂದೆ ನಿಂತು ಗಂಡಸರು ಯಾರ ಕಂಪನಿಯಲ್ಲಿ ಎಷ್ಟು ಜನ ಹೋದರು ಅನ್ನೋದು ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಇಂಥ ಕಾಲದಲ್ಲಿ ಹೊಸ ಕಂಪ್ಯೂಟರನ್ನು ರೆಡಿಮೇಡ್ ತರಬಾರದು, ನಾನೇ ಭಾಗ ಭಾಗ ತಂದು ಕಟ್ಟಬೇಕು ಅಂತ ನನಗೆ ಹೊಳೆಯಿತು. ಭಯ ಆದಾಗ ಕೆಲವರು ದೇವಸ್ಥಾನಕ್ಕೆ ಹೋಗುತ್ತಾರೆ, ನಾನು ಮದರ್‌ಬೋರ್ಡುಗಳ ರಿವ್ಯೂ ಓದಿದೆ.

ಪ್ರೊಸೆಸರ್ ಮಾಡುವವರು ಆಗ ಮುಖ್ಯವಾಗಿ ಇಬ್ಬರೇ. ಅವರನ್ನು ಡಬ್ಬಿಯ ಬಣ್ಣದಿಂದ ನೀಲಿಯವರು, ಹಸಿರಿನವರು ಅಂತ ಕರೆಯೋಣ. ನೀಲಿಯವರ ಹಳೇ ಚಿಪ್ಪು ಅಗ್ಗ, ಆದರೆ ಅದು ಕೂರುವ ಸಾಕೆಟ್ಟಿಗೆ ಇನ್ನು ಭವಿಷ್ಯ ಇಲ್ಲ. ಅವರದೇ ಹೊಸ ಚಿಪ್ಪು ವೇಗದ್ದು, ಆದರೆ ಬೋರ್ಡು, ಮೆಮೊರಿ ಎಲ್ಲ ಹೊಸದಾಗಿ ತರಬೇಕು. ಹಸಿರಿನವರದು ಸ್ವಲ್ಪ ನಿಧಾನ, ಆದರೆ ನಾಳೆ ಬರುವ ಚಿಪ್ಪೂ ಇವತ್ತಿನ ಬೋರ್ಡಿನಲ್ಲೇ ಕೂರುತ್ತದೆ. ಮ್ಯಾಟ್ರಿಕ್ಸ್ ಹಾಕಿದೆ. ಹಸಿರು ಗೆದ್ದಿತು. ನನ್ನ ಮನಸ್ಸು ನೀಲಿಯವರ ಹೊಸದರ ಮೇಲಿತ್ತು. 'ವೇಗ'ದ ತೂಕ ಸ್ವಲ್ಪ ಏರಿಸಿದೆ, ಆಗಲೂ ಹಸಿರೇ. 'ಬೆಲೆ'ಯ ತೂಕ ಇಳಿಸಿದೆ, 'ಮನಸ್ಸಿನ ನೆಮ್ಮದಿ' ಅಂತ ಹೊಸ ಸಾಲೊಂದನ್ನು ಸೇರಿಸಿದೆ. ರಿವಿಷನ್ ಡಿ ಹೊತ್ತಿಗೆ ನೀಲಿ ಗೆದ್ದಿತು. "ಅಪ್ಪಾ, ಜಸ್ಟ್ ಬೈ ದ ಒನ್ ಯೂ ವಾಂಟ್" ಅಂದಳು ಮಗಳು. ಅವಳಿಗೆ ಎಂಜಿನಿಯರಿಂಗ್ ಗೊತ್ತಿಲ್ಲ.

ಅದೇ ವಾರ ಆಫೀಸಿನಲ್ಲಿ ಬಾಸ್ ಕರೆದ. ನನ್ನ ಕೈಕೆಳಗೆ ಐದು ಜನ. ಒಬ್ಬರು ಹೋಗಬೇಕು, ಯಾರು ಅಂತ ಸೋಮವಾರದೊಳಗೆ ಹೇಳು, ಸುಮ್ಮನೆ ಹೆಸರು ಬೇಡ, ಮ್ಯಾಟ್ರಿಕ್ಸ್ ಕೊಡು ಅಂದ. ಹೊಸ ಫೈಲ್ ಯಾಕೆ, ಫಾರ್ಮುಲಾ ಎಲ್ಲ ಸಿದ್ಧ ಇದೆಯಲ್ಲ ಅಂತ ಪ್ರೊಸೆಸರ್ ಫೈಲಿನಲ್ಲೇ ಎರಡನೇ ಹಾಳೆ ತೆರೆದೆ. ಐದು ಹೆಸರು ಬರೆದೆ. ಕೆಳಗಡೆ ಬಂದವನು ಬಸವರಾಜ.

ಬಸವರಾಜ ಗದಗಿನವನು. ಆರು ವರ್ಷದಿಂದ ನನ್ನ ಪಕ್ಕದ ಕ್ಯೂಬಿಕಲ್ಲು. ಇನ್ನೂ ವೀಸಾ ಮೇಲೇ ಇದ್ದ. ಕೆಲಸ ಹೋದರೆ ಹೆಂಡತಿ, ಮಗು ಕಟ್ಟಿಕೊಂಡು ದೇಶವನ್ನೇ ಬಿಡಬೇಕು. ಕೆಲಸದಲ್ಲಿ ಐವರಲ್ಲೂ ಗಟ್ಟಿಗ. ಆದರೆ ಮೀಟಿಂಗಿನಲ್ಲಿ ಬಾಯಿ ಬಿಡೋನಲ್ಲ, ನನ್ನ ಹಾಳೆಯಲ್ಲಿ ಮಾತುಗಾರಿಕೆಗೆ ತೂಕ ಹೆಚ್ಚು. ನಾನು ತೂಕ ಮುಟ್ಟಲಿಲ್ಲ. ನಮ್ಮವನು ಅಂತ ತಿದ್ದಿದರೆ ಅನ್ಯಾಯ ಆಗುತ್ತದೆ ಅಂದುಕೊಂಡೆ. ನ್ಯಾಯದ ವಿಷಯದಲ್ಲಿ ನಾನು ಅದಕ್ಕೆ ಮುಂಚೆ ಯಾವತ್ತೂ ಅಷ್ಟು ಕಟ್ಟುನಿಟ್ಟಾಗಿರಲಿಲ್ಲ.

ಕಂಪ್ಯೂಟರ್ ಕಟ್ಟುವುದರಲ್ಲಿ ಬಸವರಾಜನದು ಪಳಗಿದ ಕೈ. ಶನಿವಾರ ಬಂದು ಜೋಡಿಸಿಕೊಡುತ್ತೇನೆ ಅಂತ ಮೊದಲೇ ಒಪ್ಪಿದ್ದ. ಗುರುವಾರ ಅವನಿಗೆ ಫೈಲು ಮೇಲ್ ಮಾಡಿ, 'ಒಂದ್ಸಲ ನೋಡು, ನೀಲಿ ಸರಿಯಾ?' ಅಂತ ಬರೆದೆ. ಇಡೀ ಫೈಲು.

ಶನಿವಾರ ಬೆಳಿಗ್ಗೆ ಬಂದ, ಸುಮಾ ಕೊಟ್ಟ ಉಪ್ಪಿಟ್ಟು ತಿಂದ, ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತ. ಚಿಪ್ಪನ್ನು ಅಂಚಿನಲ್ಲಿ ಹಿಡಿದು ಸಾಕೆಟ್ಟಿನಲ್ಲಿ ಕೂರಿಸಿದ. "ಹಸಿರಂದು ತಗೊಂಡಿದ್ರ ಛಲೋ ಇತ್ತ್ರಿ ಸರ" ಅಂದ. ಮ್ಯಾಟ್ರಿಕ್ಸ್‌ನಲ್ಲಿ ನೀಲೀನೇ ಬಂತಲ್ಲಪ್ಪ ಅಂದೆ.

"ಹೌದ್ರಿ, ನೋಡೇನಿ. ಎರಡೂ ಹಾಳಿ ನೋಡೇನಿ."

ಫ್ಯಾನಿನ ಸ್ಕ್ರೂ ತಿರುಗಿಸುತ್ತಲೇ ಇದ್ದ.

"ಪ್ರೊಸೆಸರ್‌ಗೆ ರಿವಿಷನ್ ಡಿ ತನಕಾ ಹೋಗೀರಿ ಸರ" ಅಂದ, ಸಿಟ್ಟಿಲ್ಲದೆ. "ನಂದು ಎ-ದಾಗ ಮುಗಿಸೀರಿ."

ಆಗ ನಾನು ಏನಾದರೂ ಹೇಳಬೇಕಿತ್ತು. ಕ್ಷಮಿಸು ಅನ್ನಬಹುದಿತ್ತು, ಸೋಮವಾರದ ತನಕ ಟೈಮ್ ಇದೆ ಅನ್ನಬಹುದಿತ್ತು. ನಾನು ಕೇಳಿದ್ದು, ಫ್ಯಾನು ಜಾಸ್ತಿ ಸದ್ದು ಮಾಡುತ್ತಾ ಅಂತ. "ಇಲ್ರಿ, ಸದ್ದ ಮಾಡೂದಿಲ್ಲ" ಅಂದ. ಎಲ್ಲ ಜೋಡಿಸಿ, ಆನ್ ಮಾಡಿ ತೋರಿಸಿ, ಖಾಲಿ ಡಬ್ಬಿಗಳನ್ನು ಗರಾಜಿಗೆ ಸಾಗಿಸಿ ಹೋದ. ಸುಮಾ ಮಗುವಿಗೆ ಅಂತ ಕೊಟ್ಟ ಕೋಡುಬಳೆ ಡಬ್ಬಿಯನ್ನೂ ಬೇಡ ಅನ್ನದೆ ತಗೊಂಡ. ಬೇಡ ಅಂದಿದ್ದರೆ ನನಗೆ ಎಷ್ಟೋ ಹಗುರ ಆಗುತ್ತಿತ್ತು.

ಭಾನುವಾರ ಹೊಸ ಕಂಪ್ಯೂಟರಿನಲ್ಲಿ ಫೈಲು ತೆರೆದೆ. ಚಕ್ ಅಂತ ಬಂತು, ಎಷ್ಟಾದರೂ ಹೊಸ ಚಿಪ್ಪು. ಒಂದೇ ಒಂದು ತೂಕ ತಿದ್ದಿದರೆ ಸಾಕು, ಬಸವರಾಜ ಮೇಲೆ ಬರುತ್ತಿದ್ದ. ತಿದ್ದಿದೆ, ಬಂದ. ಮೇಲೆ ಬಂದವನನ್ನು ನೋಡುತ್ತಾ ಕೂತೆ. ಆದರೆ ಕೆಳಗೆ ರಿವಿಷನ್ ಬಿ ಅಂತ ಬರೆಯಬೇಕಲ್ಲ, ಯಾಕೆ ಅಂತ ಬಾಸ್ ಕೇಳುತ್ತಾನಲ್ಲ. ನನ್ನ ಹೆಸರಿಗೂ ಮಾರ್ಕು ಹಾಕಿದ ಇಂಥದ್ದೇ ಹಾಳೆ ಬಾಸಿನ ಫೈಲಿನಲ್ಲೂ ಇರುತ್ತದೆ ಅನ್ನುವುದು ಆಗಲೇ ಜ್ಞಾಪಕಕ್ಕೆ ಬರಬೇಕೆ. ಮತ್ತೆ ಎ ಮಾಡಿದೆ, ಕಳಿಸಿದೆ. ಬಹಳ ಅಚ್ಚುಕಟ್ಟಾಗಿದೆ ಅಂತ ಬಾಸ್ ಉತ್ತರ ಬರೆದ.

ಬಸವರಾಜ ತಿಂಗಳೊಳಗೆ ಗದಗಕ್ಕೆ ಹೋದ. ಹೊರಡುವ ಮುಂಚೆ, ಫ್ಯಾನಿನ ಧೂಳು ಆರು ತಿಂಗಳಿಗೊಮ್ಮೆ ತೆಗೆಯಿರಿ ಅಂತ ಫೋನ್ ಮಾಡಿ ಹೇಳಿದ್ದ. ತೆಗೆಯುತ್ತೇನೆ. ಕಂಪ್ಯೂಟರ್ ಒಂದು ದಿನಕ್ಕೂ ತೊಂದರೆ ಕೊಟ್ಟಿಲ್ಲ. ಮನೆಗೆ ಬಂದವರು, ವಾ, ಚೆನ್ನಾಗಿದೆ, ಯಾರು ಕಟ್ಟಿದ್ದು ಅಂತ ಕೇಳುತ್ತಾರೆ. ನಾನೇ ಅನ್ನುತ್ತೇನೆ. ಸುಮಾ ಎದ್ದು ಕಾಫಿ ತರೋಕೆ ಅಡಿಗೆಮನೆಗೆ ಹೋಗುತ್ತಾಳೆ.