ಕೊನೆಗೆ ಬಂದವರು ಗಂಟೆ ಬಡಿಯಬೇಕು

ನಿಮ್ಮ ಸಣ್ಣಜ್ಜಿಗೆ ಗಡಿಯಾರ ನೋಡಲು ಬರುವುದಿಲ್ಲ. ಸುಳ್ಳು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ ಮಕ್ಕಳೇ. ನಮ್ಮೂರ ಶಾಲೆಗೆ ವರ್ಷಗಟ್ಟಲೆ ಹೆಡ್‌ಮಿಸ್ ಆಗಿದ್ದವಳು, ಚಿಕ್ಕ ಮುಳ್ಳು ದೊಡ್ಡ ಮುಳ್ಳು ಎಂದು ಎಷ್ಟೋ ಮಕ್ಕಳಿಗೆ ಹೇಳಿಕೊಟ್ಟವಳು, ನಿಜ. ಆದರೆ ಶಾಲೆ ಶುರುವಾಗುವುದು ಎಷ್ಟು ಗಂಟೆಗೆ ಎಂದು ಅವಳನ್ನು ಕೇಳಿ ನೋಡಿ. "ಎಲ್ರೂ ಬಂದ್ಮೇಲೆ" ಅನ್ನುತ್ತಾಳೆ. ಅದು ಯಾವ ಗಡಿಯಾರದಲ್ಲಿದೆ?

ಅವಳು ನಿಮ್ಮ ಅಜ್ಜನ ತಂಗಿ, ನನಗೆ ನಾದಿನಿ. ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದವರಿಗೆಲ್ಲ ಒಂದೇ ಉತ್ತರ: "ಗಂಡಿನೋರು ನೋಡೋಕೆ ಬಂದಾಗ ನಾನು ಶಾಲೇಲಿದ್ದೆ." ನಾನೋ ಹಳ್ಳಿಯ ಶಾಲೆಯಲ್ಲಿ ನಾಲ್ಕಕ್ಷರ ಕಲಿತವಳು. ನಾಲ್ಕು ಜನರೆದುರು ಬಾಯಿ ತೆರೆದರೆ ನಾಲಿಗೆ ಒಣಗುತ್ತದೆ. ಬರೆಯುವಾಗ ಎದುರಿಗೆ ಯಾರೂ ಕೂತಿರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಅವಳು ಬರುವುದಕ್ಕೆ ಮುಂಚೆ ನಮ್ಮ ಶಾಲೆಯಲ್ಲಿ ತಡವಾಗಿ ಬಂದವರು ಗೇಟಿನ ಹೊರಗೆ ಒಂಟಿ ಕಾಲಲ್ಲಿ ನಿಲ್ಲಬೇಕಿತ್ತು. ಮೊಳಕಾಲ್ಮೂರಿನ ಸುತ್ತ ಮನೆಮನೆಯಲ್ಲೂ ರೇಷ್ಮೆ ಸೀರೆಯ ಮಗ್ಗ. ಬೆಳಿಗ್ಗೆ ಎದ್ದು ಅವ್ವನಿಗೆ ಕಂಡಿಕೆಗೆ ನೂಲು ಸುತ್ತಿಕೊಟ್ಟು ಬರುವ ಮಕ್ಕಳಿಗೆ ತಡವಾಗದೆ ಇನ್ನೇನಾಗುತ್ತದೆ? ಒಂಟಿ ಕಾಲಲ್ಲಿ ನಿಲ್ಲುವುದಕ್ಕಿಂತ ಎರಡು ಕಾಲೂ ಚಾಚಿ ಮನೆಯಲ್ಲಿ ಕೂರುವುದೇ ವಾಸಿ ಎಂದು ಅವು ಶಾಲೆಗೇ ಬರುತ್ತಿರಲಿಲ್ಲ.

ಇವಳು ಬಂದವಳೇ ಒಂದು ಕಾನೂನು ಮಾಡಿದಳು. ಕೊನೆಗೆ ಬಂದವರು ಗಂಟೆ ಬಡಿಯಬೇಕು! ಅವರು ಬರುವ ತನಕ ಗಂಟೆಯಿಲ್ಲ, ಪ್ರಾರ್ಥನೆಯಿಲ್ಲ, ಪಾಠವಿಲ್ಲ.

ಏನಾಯಿತು ಅಂತೀರಿ? ಬೇವಿನ ಮರಕ್ಕೆ ನೇತುಹಾಕಿದ್ದ ರೈಲು ಕಂಬಿಯ ತುಂಡನ್ನು ಢಣಢಣ ಬಡಿಯುವ ಆಸೆ ಯಾವ ಮಗುವಿಗಿಲ್ಲ? ಮಾರನೆಯ ದಿನ ಶಾಲೆಗೆ ಬಂದವರು ಮೇಷ್ಟ್ರುಗಳು ಮಾತ್ರ. ಮಕ್ಕಳೆಲ್ಲ ಹುಣಸೆ ಮರದ ಹಿಂದೆ, ಬಣವೆಯ ಸಂದಿಯಲ್ಲಿ, ನೀ ಮೊದಲು ಹೋಗು, ನೀ ಮೊದಲು ಹೋಗು ಎಂದು ಗುದ್ದಾಡುತ್ತಿದ್ದವು.

ಲೆಕ್ಕದ ಮೇಷ್ಟ್ರಿಗೆ ತಡೆಯಲಾಗಲಿಲ್ಲ. "ಮೇಡಂ, ಹಿಂಗಾದ್ರೆ ನಾವು ಪಾಠ ಮಾಡೋದು ಯಾವಾಗ?"

"ಈಗ್ಲೇ ಒಂದು ಕಥೆ ಶುರು ಮಾಡ್ರಿ. ಜೋರಾಗಿ ಹೇಳ್ರಿ."

"ಯಾರಿಗೆ ಹೇಳ್ಲಿ?"

"ಬೇವಿನ ಮರಕ್ಕೆ."

ಪಾಪ, ಅವರು ಬೇವಿನ ಮರಕ್ಕೆ ನರಿಯ ಕಥೆ ಹೇಳತೊಡಗಿದರು. ನರಿ ಬಾವಿಗೆ ಬೀಳುವ ಹೊತ್ತಿಗೆ ಹುಣಸೆ ಮರದ ಹಿಂದಿನಿಂದ ಒಂದೊಂದೇ ತಲೆ ಹೊರಬಂತು. ಅಂದಿನಿಂದ ದಿನವೂ ಗಂಟೆಗೆ ಮುಂಚೆ ಕಥೆ. ಬೇಕೆಂದು ತಡಮಾಡಿದವರಿಗೆ ಕಥೆ ಖೋತಾ. ಆಮೇಲೆ ತಡವಾಗಿ ಬರುತ್ತಿದ್ದವರು ನಿಜವಾಗಿ ಮನೆಯಲ್ಲಿ ಕೆಲಸವಿದ್ದ ಮಕ್ಕಳು ಮಾತ್ರ. ಅವರು ಓಡಿಬಂದು ಗಂಟೆ ಬಡಿದರೆ ಉಳಿದವರು ಚಪ್ಪಾಳೆ ತಟ್ಟುತ್ತಿದ್ದರು.

ಮೆಲ್ಲಗೆ ಊರಿಗೇ ಈ ಹುಚ್ಚು ಹತ್ತಿತು. ಹೊತ್ತೇರಿದರೂ ಗಂಟೆ ಕೇಳದಿದ್ದರೆ ಯಾರ ಮನೆಯ ಮಗು ಇನ್ನೂ ಹೋಗಿಲ್ಲ ಎಂದು ಹೆಂಗಸರು ಮಗ್ಗ ನಿಲ್ಲಿಸಿ ಇಣುಕುತ್ತಿದ್ದರು. ಬಸ್‌ಸ್ಟಾಂಡಿನ ಹತ್ತಿರ ಪಂಕ್ಚರ್ ಅಂಗಡಿ ಇಟ್ಟಿದ್ದ ಭಾಯಿ, "ಅರೇ ಬೇಟಾ, ನಿನ್ ಸಲುವಾಗಿ ಇಡೀ ಇಸ್ಕೂಲು ಕಾಯ್ತಾ ಐತೆ, ಜಲ್ದಿ ಹತ್ತು" ಎಂದು ಹಿಂದುಳಿದವರನ್ನು ತನ್ನ ಮೊಪೆಡ್ಡಿಗೆ ಹತ್ತಿಸಿಕೊಳ್ಳುತ್ತಿದ್ದ. ಒಂದು ಮಗು ತಪ್ಪಿಸಿಕೊಂಡರೆ ಊರೇ ಹುಡುಕುವ ಹಾಗಾಯಿತು.

ಒಂದು ದಿನ ಮೇಲಿನ ಸಾಹೇಬರು ಜೀಪಿನಲ್ಲಿ ಬಂದಿಳಿದರು. ಕೈಗಡಿಯಾರ ನೋಡಿಕೊಂಡು, "ಇನ್ನೂ ಗಂಟೆ ಹೊಡೆದಿಲ್ಲವಲ್ಲ, ಯಾಕೆ?" ಎಂದು ಗುಡುಗಿದರು.

"ಒಬ್ರು ಬರ್ಬೇಕಿತ್ತು ಸರ್. ಈಗ ಬಂದ್ರು."

"ಯಾರು?"

"ನೀವೇ" ಎಂದು ಇವಳು ಕಬ್ಬಿಣದ ಸರಳನ್ನು ಅವರ ಕೈಗೆ ಕೊಟ್ಟಳು.

ಸಾಹೇಬರು ಸುತ್ತ ನೋಡಿದರು. ಮಕ್ಕಳೆಲ್ಲ ಕೈ ಎತ್ತಿ ಚಪ್ಪಾಳೆಗೆ ಸಿದ್ಧವಾಗಿ ನಿಂತಿದ್ದರು. ಇನ್ನೇನು ಮಾಡುತ್ತಾರೆ? ಒಂದೇಟು ಬಡಿದರು. ಆಮೇಲೆ ಯಾರೂ ಹೇಳದೆಯೇ ಇನ್ನೂ ಎರಡೇಟು ಬಡಿದರು. ಹೋಗುವಾಗ "ಇದೆಲ್ಲ ನಡೆಯುವುದಿಲ್ಲ, ಟೈಮಿಗೆ ಸರಿಯಾಗಿ ಶುರುವಾಗಬೇಕು" ಎಂದು ಗದರಿದ್ದೂ ನಿಜ. ಗದರುವಾಗ ಅವರ ಮೀಸೆಯಡಿ ನಗು ಇತ್ತು ಎಂದು ಲೆಕ್ಕದ ಮೇಷ್ಟ್ರು ಇವತ್ತಿಗೂ ಹೇಳುತ್ತಾರೆ.

ಈ ಸುದ್ದಿಗಳನ್ನೆಲ್ಲ ನಾನು ಒಲೆಯ ಮುಂದೆ ಕೂತು ಕೇಳಿ ನಗುತ್ತಿದ್ದವಳು. ಅಷ್ಟರಲ್ಲಿ ನಿಮ್ಮ ಅಜ್ಜ ಹೋಗಿಬಿಟ್ಟರು. ಆಮೇಲೆ ನಾನು ಹೊಸಿಲು ದಾಟಲಿಲ್ಲ. ಹೋಗಬೇಡ ಎಂದು ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ಕೆಲಸಕ್ಕೆ ಹೊರಟವರಿಗೆ ನನ್ನಂಥವಳು ಎದುರಾಗಬಾರದು ಎನ್ನುವುದನ್ನು ಹೇಳಿಕೊಡಬೇಕಾಗಿಲ್ಲ, ನೋಡಿ ನೋಡಿ ಗೊತ್ತಿರುತ್ತದೆ. ಇನ್ನುಳಿದ ಕಾಲಕ್ಕೆ ಅಡುಗೆಮನೆ, ಹಿತ್ತಲು ಸಾಕು ಎಂದು ತೀರ್ಮಾನಿಸಿಕೊಂಡೆ.

ಆ ದಿನಗಳಲ್ಲೇ ನಿಮ್ಮ ಸಣ್ಣಜ್ಜಿಗೆ ಮರೆವಿನ ರೋಗ ಶುರುವಾಯಿತು. ಊರ ಮಕ್ಕಳೆಲ್ಲರ ಹೆಸರು ನೆನಪಿಟ್ಟವಳು ತನ್ನ ಊಟದ ಡಬ್ಬಿಯನ್ನು ಮನೆಯಲ್ಲೇ ಬಿಟ್ಟು ಹೋದಳು. ಯಾರ ಕೈಲಾದರೂ ಕಳಿಸೋಣ ಎಂದು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಪಂಕ್ಚರ್ ಅಂಗಡಿಯ ಭಾಯಿಯೇ ಬಂದ.

"ಅಕ್ಕಾ, ಮೇಡಮ್ಮೋರು ಡಬ್ಬಿ ಮರ್ತವ್ರಂತೆ. ಗಂಟೆ ಇನ್ನೂ ಬಡಿದಿಲ್ಲ."

"ನೀವೇ ತಗೊಂಡ್ಹೋಗ್ರಿ ಭಾಯಿ."

"ಕೈಯೆಲ್ಲಾ ಗ್ರೀಸು ಅಕ್ಕಾ. ಉಣ್ಣೋ ಡಬ್ಬಿ ಹೆಂಗ್ ಮುಟ್ಲಿ?" ಎಂದವನೇ ಮೊಪೆಡ್ ಹತ್ತಿ ಹೋಗೇ ಬಿಟ್ಟ.

ಸೆರಗು ಹೊದ್ದು ಹೊರಟೆ. ತಲೆ ಎತ್ತಲಿಲ್ಲ. ಬೀದಿಯ ತಿರುವಿನಲ್ಲಿ ಎದುರುಮನೆಯ ಹಿರಿಯರು ಸೀರೆಗಳ ಗಂಟು ಹಿಡಿದು ಚಳ್ಳಕೆರೆ ಬಸ್ಸಿಗೆ ಹೊರಟಿದ್ದರು. ನನ್ನನ್ನು ಕಂಡು ನಿಂತರು. ಹಿಂದಕ್ಕೆ ತಿರುಗಿ ತಮ್ಮ ಜಗಲಿಯ ಮೇಲೆ ಕೂತು, ಒಂದು ಲೋಟ ನೀರು ತರಲು ಸೊಸೆಗೆ ಕೂಗಿದರು. ಅಪಶಕುನವಾದರೆ ಹಾಗೆ ಕೂತು, ನೀರು ಕುಡಿದು ಹೊರಡಬೇಕು. ನಾನೂ ತಿರುಗಿ ಮನೆಗೆ ಬಂದು ಬಾಗಿಲು ಹಾಕಿಕೊಂಡೆ. ಡಬ್ಬಿ ಮಡಿಲಲ್ಲೇ ಇತ್ತು.

ಹೊತ್ತೇರುತ್ತ ಹೋಯಿತು. ಗಂಟೆ ಕೇಳಲಿಲ್ಲ. ಮಗ್ಗದ ಸದ್ದುಗಳೂ ಒಂದೊಂದಾಗಿ ನಿಂತವು. ಕೊನೆಗೆ ಯಾರೋ ಬಾಗಿಲು ತಟ್ಟಿದರು. ತೆರೆದರೆ ಅದೇ ಹಿರಿಯರು!

"ಅವ್ವಾ, ನೀನು ಹೋಗ್ದಿದ್ರೆ ಆವಮ್ಮ ಗಂಟೆ ಬಡ್ಸಂಗಿಲ್ಲ. ನನ್ ಮೊಮ್ಮಗ್ಳು ಬಿಸ್ಲಾಗೆ ನಿಂತೈತೆ. ಎದ್ದು ನಡಿ ತಾಯಿ."

"ನೀವು ಊರಿಗೆ ಹೊರಟಿದ್ರಲ್ಲ..." ಎಂದೆ.

"ಬಸ್ಸು ಹೋತು. ಇನ್ ನೀನು ಎದುರು ಬಂದ್ರೇನು, ಬಿಟ್ರೇನು."

ಅವರು ಮುಂದೆ, ನಾನು ಹಿಂದೆ. ಶಾಲೆಗೆ ಹೋಗಿ ನೋಡಿದರೆ, ಬಿಸಿಲಲ್ಲಿ ನಿಂತಿದ್ದ ಮೊಮ್ಮಗಳು ಬೇವಿನ ನೆರಳಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು. ನಿಮ್ಮ ಸಣ್ಣಜ್ಜಿ ಡಬ್ಬಿ ಇಸಕೊಂಡು ಸರಳು ಕೊಟ್ಟು, "ಬಡಿ ಅತ್ತಿಗೆ" ಅಂದಳು. ಮೆಲ್ಲಗೆ ಒಂದೇಟು ಹಾಕಿದೆ. ಚಮಚ ಬಿದ್ದಷ್ಟೇ ಸದ್ದಾಯಿತು. "ಕೇಳ್ಸಿಲ್ಲ ಅಜ್ಜೀ" ಎಂದವು ಮಕ್ಕಳು. ಕಣ್ಣು ಮುಚ್ಚಿ ಇನ್ನೊಂದೇಟು ಹಾಕಿದೆ. ಮರದ ಕಾಗೆಗಳೆಲ್ಲ ಎದ್ದು ಜಟಿಂಗ ರಾಮೇಶ್ವರದ ಬೆಟ್ಟದ ದಿಕ್ಕಿಗೆ ಹಾರಿದವು. ಎಂಥ ಚಪ್ಪಾಳೆ ಅಂತೀರಿ!

ಮಾರನೆಯ ದಿನವೂ ಡಬ್ಬಿ ಮರೆತಳು. ಅದರ ಮಾರನೆಯ ದಿನವೂ. ದಿನವೂ ಹೋಗಿ ಬರುವುದೇಕೆ ಎಂದು ಮಧ್ಯಾಹ್ನದ ತನಕ ಅಲ್ಲೇ ಕೂರತೊಡಗಿದೆ. ಒಂದನೇ ಕ್ಲಾಸಿನಲ್ಲಿ ಮನೆಯಲ್ಲಿ ತೆಲುಗು ಆಡುವ ಪುಟಾಣಿಗಳಿದ್ದವು. ನನ್ನ ತವರೂ ಆಂಧ್ರದ ಗಡಿಯಲ್ಲೇ ಅಲ್ಲವೇ? "ಅವ್ವಾ, ಕಥ ಚೆಪ್ಪು" ಎಂದು ಮಡಿಲಿಗೆ ಬಿದ್ದರೆ ಕಥೆ ಹೇಳದೆ ಇರಲಾಗುತ್ತದೆಯೇ? ತೆಲುಗಿನಲ್ಲಿ ಶುರು ಮಾಡಿ ಕನ್ನಡದಲ್ಲಿ ಮುಗಿಸುತ್ತಿದ್ದೆ. ಅಷ್ಟು ಪುಟ್ಟವರ ಮುಂದೆ ನಾಲಿಗೆ ಒಣಗುತ್ತಿರಲಿಲ್ಲ. ಎದುರುಮನೆಯ ಹಿರಿಯರೋ, ಚಳ್ಳಕೆರೆಗೆ ಹೊರಟಾಗಲೆಲ್ಲ ಗಂಟು ತೊಡೆಯ ಮೇಲಿಟ್ಟುಕೊಂಡು, ನಾನು ಬಡಿಯುವ ಗಂಟೆ ಕೇಳಿದ ಮೇಲೆಯೇ ಜಗಲಿ ಇಳಿಯುತ್ತಿದ್ದರು.

ಒಂದು ದಿನ ಬಿಸಿಯೂಟದ ಅಡುಗೆಯವಳು ಹೇಳಿದಳು. "ಅಕ್ಕಾ, ಈಚೆಗೆ ನಿಮ್ ಶೇಂಗಾ ಚಟ್ನಿಗೆ ಉಪ್ಪು ಜಾಸ್ತಿ ಆಗ್ತೈತೆ."

"ನಿಂಗೆ ಹೆಂಗೆ ಗೊತ್ತು?"

"ಡಬ್ಬಿ ಉಣ್ಣೋಳು ನಾನೇ ಅಲ್ವಾ? ಮೇಡಮ್ಮೋರು ಮೊದ್ಲಿಂದ್ಲೂ ಮಕ್ಕಳ ಸಾಲಲ್ಲೇ ಕುಂತು ಅನ್ನ ಸಾರು ಉಣ್ತಾರೆ."

ರಾತ್ರಿ ನಾದಿನಿಯನ್ನು ಕೇಳಿದೆ. "ಪಲ್ಯ ಹೆಂಗಿತ್ತು?"

"ಚೆನ್ನಾಗಿತ್ತು ಅತ್ತಿಗೆ."

"ಯಾವ ಪಲ್ಯ?"

"ಬದನೆಕಾಯಿ."

ಅವತ್ತು ನಾನು ಪಲ್ಯವನ್ನೇ ಮಾಡಿರಲಿಲ್ಲ. ಮಾರನೆಯ ದಿನದಿಂದ ಚಟ್ನಿಗೆ ಉಪ್ಪು ಕಡಿಮೆ ಹಾಕುತ್ತ ಬಂದೆ.

ಹೋದ ವರ್ಷ ಅವಳಿಗೆ ನಿವೃತ್ತಿಯಾಯಿತು. ಹಾರ, ಶಾಲು, ಮಕ್ಕಳ ಅಳು ಎಲ್ಲ ಮುಗಿಯಿತು. "ಹಳೇ ಹೆಡ್‌ಮಿಸ್ ಬಾಗ್ಲಲ್ಲಿ ನಿಂತ್ರೆ ಹೊಸಬ್ರಿಗೆ ಕಷ್ಟ. ನೀನು ಹೋಗ್ಬಾ ಅತ್ತಿಗೆ, ಮಕ್ಕಳು ಕಾಯ್ತವೆ" ಎಂದು ಮನೆಯಲ್ಲೇ ಉಳಿದಳು. ಒಂದು ದಿನ, ಎರಡು ದಿನ, ಒಂದು ತಿಂಗಳು. ನಾನು ಹೊರಡುವಾಗ ಗೋಡೆ ಗಡಿಯಾರದ ಎದುರು ಕೂತಿರುತ್ತಿದ್ದಳು. ಬಂದು ನೋಡಿದರೆ ಅಲ್ಲೇ ಕೂತಿರುತ್ತಿದ್ದಳು. ಗಡಿಯಾರ ನೋಡಲು ಬಾರದವಳು ಈಗ ದಿನವಿಡೀ ನೋಡುವುದು ಅದನ್ನೇ. ಹೊಸಿಲು ದಾಟಲಿಲ್ಲ. ಹಾಗೆ ಕೂರುವುದು ಎಂಥದ್ದೆಂದು ನನಗೆ ಗೊತ್ತಿತ್ತು.

ಒಂದು ಬೆಳಿಗ್ಗೆ, ಆಗಲೂ ದಿನಾ ಒಯ್ಯುತ್ತಿದ್ದ ಡಬ್ಬಿಯನ್ನು ಒಲೆಯ ಪಕ್ಕ ಬಿಟ್ಟು ಶಾಲೆಗೆ ಹೋದೆ.

ಚಳ್ಳಕೆರೆಯಿಂದ ಬೈಕಿನಲ್ಲಿ ಬರುವ ಹೊಸ ಹೆಡ್‌ಮೇಷ್ಟ್ರು ಹುಡುಗ ವಯಸ್ಸಿನವರು. ಮಕ್ಕಳು ಹೇಳಿಕೊಟ್ಟ ಕಾನೂನನ್ನು ಬಿಡದೆ ನಡೆಸುತ್ತಿದ್ದಾರೆ. ಸಾಲುಗಳನ್ನು ನೋಡಿ, "ಎಲ್ಲಾ ಬಂದ್ರಲ್ಲ. ಗಂಟೆ ಬಡೀಬೋದಾ?" ಅಂದರು.

ಅಷ್ಟು ಜನರೆದುರು ನಾನು ಬಾಯಿ ತೆರೆದೆ. "ಒಬ್ರು ಬರ್ಬೇಕು ಸರ್."

ಅವರು ನನ್ನ ಮುಖ ನೋಡಿದರು. ಆಮೇಲೆ ಲೆಕ್ಕದ ಮೇಷ್ಟ್ರ ಕಡೆ ತಿರುಗಿ, ಒಂದು ಕಥೆ ಶುರು ಮಾಡಿ ಅಂದರು. ನರಿ ಬಾವಿಗೆ ಬಿತ್ತು, ಎದ್ದು ಬಂತು, ಮತ್ತೆ ಬಿತ್ತು. ಎಲ್ಲರೂ ಕಿವಿಯನ್ನು ಕಥೆಗೆ ಕೊಟ್ಟು, ಕಣ್ಣನ್ನು ರಸ್ತೆಗೆ ಕೊಟ್ಟಿದ್ದೆವು.

ಬೀದಿಯ ತಿರುವಿನಲ್ಲಿ ಮೊಪೆಡ್ಡಿನ ಸದ್ದಾಯಿತು. ಭಾಯಿಯ ಹಿಂದೆ ನಿಮ್ಮ ಸಣ್ಣಜ್ಜಿ, ತಲೆ ಬಾಚಿಲ್ಲ, ಕೈಯಲ್ಲಿ ಡಬ್ಬಿ. ಇಳಿದವಳೇ ನನ್ನ ಹತ್ತಿರ ಬಂದು, ಯಾರಿಗೂ ಕೇಳದಂತೆ ಅಂದಳು.

"ಅತ್ತಿಗೆ, ಡಬ್ಬಿ ಖಾಲಿ ಐತೆ."

"ಹೌದಾ? ಹಾಕೋದು ಮರ್ತಿರ್ಬೇಕು" ಎಂದು ಸರಳನ್ನು ಅವಳ ಕೈಗೆ ಕೊಟ್ಟೆ.