ಪಂಪು ಅವಿಭಾಜ್ಯವಾದದ್ದು

ನನಗೊಂದು ಚಟವಿದೆ. ನಶ್ಯದ್ದೋ ಎಲೆಯಡಿಕೆಯದ್ದೋ ಆಗಿದ್ದರೆ ಬಿಡಿಸಲು ಯಾರಾದರೂ ಉಪಾಯ ಹೇಳುತ್ತಿದ್ದರು. ನನ್ನದು, ನಡೆಯುವ ಯಾವುದನ್ನು ಕಂಡರೂ ಅದು ಶುರುವಾದದ್ದು ಹೇಗೆ ಎಂದು ತಿಳಿಯಬೇಕೆನ್ನುವ ಚಟ. ಬೆಳಿಗ್ಗೆ ನನ್ನನ್ನು ಹೆಂಡತಿ ದೇವಕಿ ಎಬ್ಬಿಸುತ್ತಾಳೆ, ಅವಳನ್ನು ಕೋಳಿ ಎಬ್ಬಿಸುತ್ತದೆ. ಸರಿ, ಕೋಳಿಯನ್ನು ಎಬ್ಬಿಸುವವರು ಯಾರು? ಒಮ್ಮೆ ಅವಳನ್ನೇ ಕೇಳಿದೆ. "ನೀವು ಏಳುದಾದರೆ ಏಳಿ, ಕೋಳಿಯ ಸುದ್ದಿ ನಿಮಗೆ ಎಂತಕ್ಕೆ?" ಎಂದಳು. ಕಡಬಕ್ಕೆ ಹೋಗುವ ಬಸ್ಸಿನ ಮೂತಿಗೆ ಹ್ಯಾಂಡಲು ತೂರಿಸಿ ಕಂಡಕ್ಟರು ತಿರುಗಿಸುವಾಗ ಉಳಿದವರೆಲ್ಲ ಒಳಗೆ ಸೀಟು ಹಿಡಿಯುತ್ತಾರೆ. ನಾನು ಹೊರಗೆ ನಿಂತು ನೋಡುತ್ತೇನೆ. ಓಡುತ್ತಿರುವ ಎಂಜಿನು ತನ್ನನ್ನು ತಾನೇ ಓಡಿಸಿಕೊಳ್ಳುತ್ತದೆ, ಅದು ಅರ್ಥವಾಗುತ್ತದೆ. ನಿಂತಿರುವ ಎಂಜಿನು ಆ ಮೊದಲನೆಯ ಹೆಜ್ಜೆ ಇಡುವುದು ಹೇಗೆ? ಹೀಗೆ ಯೋಚಿಸುತ್ತಾ ನಿಂತು ಎರಡು ಸಲ ಬಸ್ಸು ತಪ್ಪಿಸಿಕೊಂಡಿದ್ದೇನೆ.

ಪುತ್ತೂರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸಿಕೊಂಡು ತೆಪ್ಪಗಿದ್ದ ನನ್ನ ಈ ಚಟ ಮನೆಯ ಮರ್ಯಾದೆಗೇ ಬಂದದ್ದು ಮಾವನವರು ಎಂಜಿನು ಕೊಂಡ ವರ್ಷ. ಇಚಿಲಂಪಾಡಿಯಲ್ಲಿ ಹೊಳೆಯ ಬದಿಗೆ ಅವರದ್ದೊಂದು ಕೊಳಕೆ ಗದ್ದೆ. ಕೊಳಕೆಯೆಂದರೆ ಮೂರನೆಯ ಬೆಳೆ, ಬೇಸಿಗೆಯಲ್ಲಿ ನೀರು ಹಾಯಿಸಿಯೇ ಬೆಳೆಯಬೇಕು. ಅಷ್ಟು ಕಾಲವೂ ಏತದಲ್ಲಿ ನೀರೆತ್ತುತ್ತಿದ್ದರು. ಎಣ್ಣೆಯ ಎಂಜಿನು ಬಂದ ಮೇಲೆ ಏತ ಎಳೆದು ಕೈ ಸೋಲಿಸಿಕೊಳ್ಳುವ ಅಗತ್ಯವಿಲ್ಲವೆಂದು ನಾನೇ ಊಟದ ಹೊತ್ತಿಗೆ ಒಂದು ಭಾಷಣ ಮಾಡಿದ್ದೆ. ಮಾವ ಕಡಿಮೆ ಮಾತಿನವರು. ಅಳಿಯಂದಿರು ಹೇಳಿದ್ದಾರೆಂದು ಎಂಜಿನು ತರಿಸಿದರು. ಏತದ ಮರವನ್ನು ಬಿಚ್ಚಿ ಎಂಜಿನಿಗೆಂದು ಕಟ್ಟಿದ ಕೊಟ್ಟಿಗೆಗೆ ತೊಲೆಯಾಗಿ ಹಾಕಿಬಿಟ್ಟರು. ಎಂಜಿನು, ಪಂಪು ಕೂರಿಸಲು ಬಂದವರು ಬೋಲ್ಟು ಬಿಗಿದು, ಕೈಗೊಂದು ಇಂಗ್ಲಿಷ್ ಪುಸ್ತಕ ಕೊಟ್ಟು, ಊಟ ಮಾಡಿ ಹೋದರು. ತೆನೆ ಹೊರಡುವ ಹೊತ್ತು, ಗದ್ದೆ ಒಣಗಿ ಬಿರುಕು ಬಿಡುತ್ತಿತ್ತು. ಪುಸ್ತಕ ಓದುವುದಕ್ಕೆ ನನಗೆ ಬುಲಾವು ಬಂತು.

ನಾನು ಹಿಗ್ಗಿ ಹೋದೆ. ನನ್ನ ಜೀವಮಾನದ ಪ್ರಶ್ನೆಗೆ ಉತ್ತರವನ್ನು ಹನ್ನೊಂದು ಸೂತ್ರಗಳಲ್ಲಿ ಬರೆದು ಅಚ್ಚು ಹಾಕಿದ್ದರು! ಎಣ್ಣೆಯ ನಳಿಗೆಯಿಂದ ಗಾಳಿ ಬಿಡುವುದು, ವಾಲ್ವನ್ನು ಎತ್ತಿ ಹಿಡಿದು ಚಕ್ರ ಹಗುರ ಮಾಡುವುದು, ಹ್ಯಾಂಡಲು ಜೋರಾಗಿ ತಿರುಗಿಸುವುದು, ವೇಗ ಬಂದಾಗ ವಾಲ್ವನ್ನು ಬಿಡುವುದು. ಪ್ರತಿಯೊಂದು ಸಣ್ಣ ಕೆಲಸ ತನಗಿಂತ ಸ್ವಲ್ಪ ದೊಡ್ಡದನ್ನು ಎಬ್ಬಿಸಿ ತಾನು ಸರಿಯುತ್ತದೆ. ಕೋಳಿ ದೇವಕಿಯನ್ನು ಎಬ್ಬಿಸಿ ಸರಿದಂತೆ. ಗಂಟಲು ಸರಿಮಾಡಿಕೊಂಡು ಒಂದೊಂದನ್ನೇ ಕನ್ನಡದಲ್ಲಿ ವಿವರಿಸಿದೆ. ಕೇಳಲು ನೆರೆಕರೆಯವರೂ ಬಂದಿದ್ದರು. ತೊಡಕಾದದ್ದು ಮೊದಲನೆಯ ಸೂತ್ರವೇ. ಪಂಪನ್ನು 'ಪ್ರೈಮ್' ಮಾಡಬೇಕು ಎಂದಿತ್ತು. ಪ್ರೈಮ್ ಎಂದರೆ ಎರಡು, ಮೂರು, ಐದು, ಏಳು. ಅವಿಭಾಜ್ಯ ಸಂಖ್ಯೆ. ಹನ್ನೆರಡು ವರ್ಷ ಕಲಿಸಿದವನಿಗೆ ಇನ್ನೊಬ್ಬರನ್ನು ಕೇಳುವ ಗತಿ ಬಂದಿರಲಿಲ್ಲ. ಅವಿಭಾಜ್ಯವೆಂದರೆ ಭಾಗ ಮಾಡಲಾಗದ್ದು. ಹಾಗಾಗಿ ಗಂಭೀರವಾಗಿ ಹೇಳಿದೆ: "ಪಂಪನ್ನು ಬಿಚ್ಚಬಾರದು. ಒಂದು ತಿರುಪನ್ನೂ ಮುಟ್ಟಬಾರದು."

ಎಂಜಿನು ಮೂರನೆಯ ಸುತ್ತಿಗೇ ಡುಗುಡುಗು ಎಂದಿತು. ಬೆಲ್ಟು ಓಡಿತು, ಪಂಪು ತಿರುಗಿತು, ನೆರೆದವರು ಹೋ ಎಂದರು. ಎಲ್ಲರೂ ಪೈಪಿನ ಬಾಯಿ ನೋಡಿದೆವು. ಅದೂ ನಮ್ಮನ್ನು ನೋಡಿತು. ನಿಲ್ಲಿಸಿ ಮತ್ತೆ ಹತ್ತು ಸೂತ್ರ ನಡೆಸಿದೆವು. ಮೂರು ಸಲ ಹೀಗಾದ ಮೇಲೆ ಮಾವ ಹೆಗಲಿನ ಬೈರಾಸಿನಿಂದ ಮುಖ ಒರೆಸಿಕೊಂಡು, "ಸದ್ದು ಉಂಟು ಅಳಿಯಂದಿರೆ, ನೀರು ಎಲ್ಲುಂಟು?" ಎಂದರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವರು ಕೇಳಿದ ಮೇಲೆ ಕೊಟ್ಟಿಗೆಯ ತೊಲೆಯ ಕಡೆಗೊಮ್ಮೆ ನೋಡಿದರು. ನನಗೆ ನಿಜವಾಗಿ ನಾಚಿಕೆಯಾಯಿತು, ಹೆದರಿಕೆಯೂ ಆಯಿತು. ಆ ಗದ್ದೆ ಒಣಗಿದರೆ ಒಣಗುವುದು ನನ್ನ ಭಾಷಣದಿಂದ.

ಅಷ್ಟರಲ್ಲಿ ಕರಿಮೆಣಸು ಕೊಳ್ಳಲು ಬಂದಿದ್ದ ಅದ್ರಾಮ ಬ್ಯಾರಿಗಳು ಸದ್ದು ಕೇಳಿ ಹೊಳೆಬದಿಗೆ ಇಳಿದರು. ಕೊಯಿಲದ ಕಡೆ ಇಂಥದ್ದನ್ನು ಬೇಕಾದಷ್ಟು ನೋಡಿದವರು. ಪಂಪನ್ನೊಮ್ಮೆ ಸವರಿ, "ನೀರು ಹೊಯ್ದದ್ದುಂಟಾ ಮಾಷ್ಟ್ರೆ?" ಎಂದರು.

"ನೀರು ಕೊಡುದಕ್ಕಲ್ವಾ ಪಂಪು? ನಾವೇ ನೀರು ಹೊಯ್ಯುದಾದರೆ ಇದು ಯಾಕೆ?" ಎಂದೆ.

"ಅದಕ್ಕೆ ಮೊದಲು ಸ್ವಲ್ಪ ಕುಡಿಸ್ಬೇಕು ಮಾರಾಯ್ರೆ. ಮತ್ತೆ ಅದೇ ಎಳೀತದೆ. ಖಾಲಿ ಹೊಟ್ಟೆಯಲ್ಲಿ ಗಾಳಿ ತಿರುಗಿಸಿ ಎಂತ ಮಾಡುದು?" ಎಂದು ಪಂಪಿನ ನೆತ್ತಿಯ ಮೇಲಿನ ತಿರುಪಿಗೆ ಕೈ ಹಾಕಿದರು.

"ಅದನ್ನು ಮುಟ್ಟಬಾರದಂತೆ!" ಎಂದು ನಾಲ್ಕು ಜನ ಒಟ್ಟಿಗೆ ಕೂಗಿದರು. ನನ್ನ ಪಾಠವನ್ನು ಅಷ್ಟು ಶ್ರದ್ಧೆಯಿಂದ ಪುತ್ತೂರಿನಲ್ಲಿ ಯಾರೂ ಕೇಳಿದ್ದಿಲ್ಲ. ಬ್ಯಾರಿಗಳು ಬಿಚ್ಚಿದರು. ನೀರು ಹೊಯ್ಯುವುದಕ್ಕೆಂದೇ ಇಟ್ಟ ತೂತು ಅದು. ಪುಸ್ತಕದ 'ಪ್ರೈಮ್' ಎಂದರೆ ಇಷ್ಟೇ.

ನಾಲ್ಕು ಕೊಡ ಹೊಯ್ದರೂ ನೀರು ನಿಲ್ಲಲಿಲ್ಲ. ನೀರಿನಲ್ಲಿ ಮುಳುಗಿಸಿದ್ದ ಪೈಪಿನ ತುದಿಯ ವಾಲ್ವಿನಲ್ಲಿ ಸಂದಿಯಿತ್ತು, ಹೊಯ್ದದ್ದೆಲ್ಲ ಹೊಳೆಗೇ ಇಳಿಯುತ್ತಿತ್ತು. ನಾನು ಪುಸ್ತಕ ಮಗುಚಿದೆ, ಅದಕ್ಕೆ ಸೂತ್ರವಿರಲಿಲ್ಲ. ನನ್ನ ಜೊತೆ ಬಂದು ಬದುವಿನ ಮೇಲೆ ಕೂತಿದ್ದ ದೇವಕಿ ಎದ್ದು ಹೋಗಿ ಒಂದು ಬಾಲ್ದಿ ಸಗಣಿ ನೀರು ಕಲಸಿ ತಂದಳು. "ಅಂಗಳದ ಬಿರುಕು ಮುಚ್ಚುದು ಇದರಲ್ಲೇ ಅಲ್ವಾ?" ಎಂದು ಹೊಯ್ದಳು. ಸಂದಿ ಕಟ್ಟಿತು, ನೀರು ನಿಂತಿತು. "ಮೊಸರು ಆಗ್ಬೇಕಾದರೆ ಹಾಲಿಗೆ ಮೊಸರನ್ನೇ ಹಾಕುದು. ಇಷ್ಟು ಗೊತ್ತಾಗ್ಲಿಕ್ಕೆ ಇಂಗ್ಲಿಷ್ ಬೇಕಾ?" ಎಂದು ಮೆಲ್ಲಗೆ ಕೇಳಿದಳು. ಹೆಪ್ಪು ಹಾಕುವುದನ್ನು ನಾನು ದಿನವೂ ನೋಡಿದ್ದೇನೆ. ಅದರಲ್ಲಿ ತಿಳಿಯಬೇಕಾದದ್ದು ಇದೆಯೆಂದು ಅನ್ನಿಸಿರಲಿಲ್ಲ.

ಎಂಜಿನು ಶುರುವಾಯಿತು. ಪೈಪಿನ ಎದುರು ಬಗ್ಗಿ ನೋಡುತ್ತಿದ್ದವನು ನಾನೊಬ್ಬನೇ, ಹಾಗಾಗಿ ಮೊದಲ ಹಸುರು ನೀರು ನನ್ನ ಇಸ್ತ್ರಿಯ ಅಂಗಿಗೆ ಸಂದಿತು. ಆಮೇಲಿನದ್ದು ಬೆಳ್ಳಗೆ ಗದ್ದೆಗೆ ಹೋಯಿತು. ಮಾವ ಹಾರೆ ಹಿಡಿದು ನೀರು ಹರಿಯುವ ಕಣಿ ಬಿಡಿಸಲು ನಡೆದರು. ಅವರ ಬೆನ್ನು ನೋಡಿ ನನಗೆ ಜೀವ ಬಂತು.

ಹೊರಡುವ ಮೊದಲು ಸಾರ್ವಕಾಲಿಕ ಉಪಯೋಗಕ್ಕಿರಲಿ ಎಂದು ಎಂಜಿನು ಕೊಟ್ಟಿಗೆಯ ಗೋಡೆಯ ಮೇಲೆ ಮಸಿಯಲ್ಲಿ ಹನ್ನೆರಡು ಸೂತ್ರಗಳನ್ನು ಬರೆದೆ, ಹನ್ನೆರಡನೆಯದು ಸಗಣಿಯದ್ದು. ತಿಂಗಳು ಕಳೆದು ಮತ್ತೆ ಅಲ್ಲಿಗೆ ಹೋದಾಗ, ನಾಲ್ಕು ದಿನ ಮೊದಲೇ ತವರಿಗೆ ಬಂದಿದ್ದ ದೇವಕಿ ಅಂಗಳದಲ್ಲಿದ್ದಳು, ಗದ್ದೆಯಲ್ಲಿ ತೆನೆ ಕಾಳು ತುಂಬಿ ಬಾಗುತ್ತಿತ್ತು. ನನ್ನ ಬರವಣಿಗೆ ಮಾಸದೆ ಉಳಿದಿದೆಯೇ ಎಂದು ನೋಡಲು ನೇರ ಗೋಡೆಯ ಬಳಿ ಹೋದೆ. ಉಳಿದಿತ್ತು. ಅದರ ಮೇಲೆ, ಒಂದನೆಯ ಸೂತ್ರಕ್ಕಿಂತ ಮೊದಲು, ನನಗೆ ಚೆನ್ನಾಗಿ ಪರಿಚಯವಿದ್ದ ದುಂಡಗಿನ ಅಕ್ಷರಗಳಲ್ಲಿ ಹೊಸ ಸಾಲೊಂದಿತ್ತು: "ಮೊದಲು ಮಾಷ್ಟ್ರನ್ನು ಒಳಗೆ ಕರೆದು ಕಾಫಿ ಕೊಟ್ಟು ಕೂರಿಸುವುದು."

ಆಕ್ಷೇಪಿಸೋಣವೆಂದು ತಿರುಗಿದೆ. ಅಷ್ಟರಲ್ಲಿ ಮನೆಯೊಳಗಿನಿಂದ ದೇವಕಿ, "ಕಾಫಿ ಆಯ್ತು, ಬನ್ನಿ" ಎಂದಳು. ಹೋಗಿ ಕುಳಿತೆ. ಲೋಟ ಅರ್ಧವಾಗುವ ಮೊದಲೇ ಗದ್ದೆಗೆ ನೀರು ಬೀಳುವ ಸದ್ದು ಕೇಳಿಸಿತು.