ಒಂದು ಹಗಲಿನ ಗೌಡಿಕೆ

ಕುಂಪಣಿ ಸರಕಾರದ ಕೊನೆಗಾಲ. ಪುರ್ತಗೇರಿಯಲ್ಲಿ ಹದವಾದ ಮಳೆ ಬಿದ್ದು ಎರಡು ದಿನವಾಗಿತ್ತು, ಆದರೆ ಯಾರೂ ಒಂದು ಕಾಳು ಬಿತ್ತಿರಲಿಲ್ಲ. ಗೌಡರ ಹೊಲದಲ್ಲಿ ಮೊದಲ ಸಾಲು ಬೀಳದೆ ಉಳಿದವರು ಕೂರಿಗೆ ಹೂಡುವಂತಿಲ್ಲ ಎಂಬುದು ಊರಿನ ಪದ್ಧತಿ. ಗೌಡರೋ, ಮಕ್ಕಳಿಲ್ಲದೆ ಮಳೆಗೆ ಮುಂಚೆಯೇ ತೀರಿಕೊಂಡಿದ್ದರು.

ಮೇಲಿನಮನೆಯ ಪ್ರಭುಲಿಂಗಪ್ಪ "ಗೌಡಕಿ ನಮ್ದು" ಎಂದರೆ ಕೆಳಗಿನಮನೆಯ ಹೇಮಪ್ಪ ಮೀಸೆ ತಿರುವಿದ. ಅತ್ತ ನೆಲ ಆರುತ್ತಿತ್ತು. ಕಡೆಗೆ ಇಬ್ಬರಿಗೂ ದೂರದ ಸಂಬಂಧಿಯಾದ, ಇಬ್ಬರಿಗೂ ಬೇಡವಾದ ಅಂದಾನೆಪ್ಪನನ್ನು ಬೆಳಗ್ಗೆಯೇ ಹಿಡಿದು ತಂದರು.

"ಇವತ್ತೊಂದಿನಾ ನೀನ ಗೌಡ ಆಗು. ಮದಲ ನಿನ್ನ ಹೊಲಾ ಬಿತ್ತೂಣು."

ಸ್ವಂತ ಎತ್ತಿಲ್ಲದ ಅಂದಾನೆಪ್ಪ, ವರ್ಷಾ ವರ್ಷಾ ಊರೆಲ್ಲ ಬಿತ್ತಿದ ಮೇಲೆ ಯಾರದೋ ಎತ್ತು ಬೇಡಿ ತಂದು ಒಣನೆಲ ಕೆರೆಯುವವನು. ಮೊದಲು ಬಿತ್ತಿದರೆ ವರ್ಷದ ಜೋಳ ಮನೆಗೆ ಬಂದ ಹಾಗೆಯೇ. ಖುಷಿಯಿಂದ ತಲೆ ಕೊಟ್ಟ.

ಗೌಡಿಕೆಯ ರುಮಾಲಿನ ಒಂದು ತುದಿ ಪ್ರಭುಲಿಂಗಪ್ಪ, ಇನ್ನೊಂದು ತುದಿ ಹೇಮಪ್ಪ ಹಿಡಿದು ತಮ್ಮ ತಮ್ಮ ಕಡೆಗೆ ಸುತ್ತಿದರು. ಹೊಸ ಗೌಡನ ಕಣ್ಣೇ ಮುಚ್ಚಿಹೋಯಿತು. ಕೂರಿಗೆಗೂ ಹಾಗೆಯೇ, ಮನೆಗೊಂದು ಎತ್ತು. ಬಲಕ್ಕೆ ಯಾರದು ಎಂಬ ಜಗಳದಲ್ಲಿ ಹೊತ್ತು ನೆತ್ತಿಗೇರಿತು. ಹೂಡಿದ ಮೇಲೆ ಎತ್ತುಗಳೂ ಯಜಮಾನರಂತೆ ಒಂದು ಅತ್ತ, ಒಂದು ಇತ್ತ ಎಳೆದವು. ಹಾವು ಹರಿದಂತೆ ಒಂದೇ ಒಂದು ಸಾಲು ಮೂಡಿತು.

"ಗೌಡ್ರ ಸಾಲು ಮುಗೀತು! ನಡೀರಿ ಲಗೂ!" ಎಂದು ಊರೇ ತನ್ನ ತನ್ನ ಹೊಲಕ್ಕೆ ಓಡಿತು. ಎರಡೂ ಮನೆಯವರು ಎತ್ತು ಬಿಚ್ಚಿಕೊಂಡು ಹೋದರು.

"ಏ ನಿಲ್ರೀ! ಗೌಡ ಹೇಳಾಕತ್ತೇನಿ!"

ಕೇಳಲು ಹೆಂಡತಿ ಚನ್ನವ್ವ ಒಬ್ಬಳೇ ಉಳಿದಿದ್ದಳು. "ಸಾಕ ಮಾಡ್ರಿ ನಿಮ್ಮ ದರಬಾರ. ನಮ್ಮಣ್ಣನ ಎತ್ತು ತರತೇನಿ," ಎಂದು ಗಜೇಂದ್ರಗಡದ ದಾರಿ ಹಿಡಿದಳು.

ಅವಳು ಬರುವಾಗ ಸಂಜೆ. ಅಷ್ಟರಲ್ಲಿ ಊರೆಲ್ಲ ಬಿತ್ತಿ ಮುಗಿಸಿತ್ತು. ಚಾವಡಿಯಲ್ಲಿ ರಾಜಿಯಾಗಿ ರುಮಾಲು ಪ್ರಭುಲಿಂಗಪ್ಪನ ತಲೆಗೆ ಹೋಗಿತ್ತು. ಅದು ಹೋದದ್ದಕ್ಕೆ ಅಂದಾನೆಪ್ಪನಿಗೆ ಎಳ್ಳಷ್ಟೂ ದುಃಖವಿರಲಿಲ್ಲ. ಬೆಳಕಿರುವಷ್ಟು ಹೊತ್ತು ಬಿತ್ತೋಣವೆಂದು ಗಡಿಬಿಡಿಯಿಂದ ಕೂರಿಗೆ ಹೂಡಿದ.

"ನಿಲ್ಸಲೇ ಅಂದಾನಿ!" ಬದುವಿನ ಮೇಲಿಂದ ಪ್ರಭುಲಿಂಗಪ್ಪ ಕೂಗಿದ; ಪಕ್ಕದಲ್ಲಿ ಹೇಮಪ್ಪನೂ ನಿಂತಿದ್ದ. "ಹೊಸಾ ಗೌಡ್ರು ಬಿತ್ತೂಕಿಂತ ಮದಲ ಯಾರೂ ಬಿತ್ತೂ ಹಂಗಿಲ್ಲ."

"ನೀವು ಆಗಳೆ ಬಿತ್ತಿ ಮುಗಸೀರಲ್ರೀ ಗೌಡ್ರ!"

"ಅದು ನಿನ್ನ ಗೌಡಕ್ಯಾಗ ಬಿತ್ತಿದ್ದು. ನನ್ನ ಗೌಡಕ್ಯಾಗ ನಾ ಇನ್ನೂ ಒಂದು ಕಾಳು ಬಿತ್ತಿಲ್ಲ," ಎಂದ ಪ್ರಭುಲಿಂಗಪ್ಪ. "ಹೊಲದಾಗ ಇನ್ನ ಜಾಗಾ ಎಲ್ಲೈತಿ? ಮುಂದಿನ ವರ್ಷ ಬಿತ್ತತೇನಿ. ನನ್ನ ಹಿಂದ ನೀ ಬಿತ್ತು."

ಅಂದಾನೆಪ್ಪ ಆಸೆಯಿಂದ ಹೇಮಪ್ಪನ ಮುಖ ನೋಡಿದ. ಹುಟ್ಟಿದಾಗಿನಿಂದ ಮೇಲಿನಮನೆಯ ಒಂದು ಮಾತನ್ನೂ ಒಪ್ಪದ ಹೇಮಪ್ಪ ತಲೆಯಾಡಿಸಿದ.

"ಖರೇ ಐತಿ. ಗೌಡ್ರ ಮಾತು ಮೀರಬಾರದು."